ಮೊದಲು ಗುಂಡು, ಆಮೇಲೆ ತೋಟಾ: ಜಿಂಕೆ ಬೇಟೆಗೆ ರೈಫಲ್ ಮದ್ದು ಆರಿಸುವ ಲೆಕ್ಕ

ಮೇಜಿನ ಮೇಲೆ ಎರಡು ಡಬ್ಬಿ ತೋಟಾ ಇವೆ ಎಂದಿಟ್ಟುಕೊಳ್ಳಿ. ಎರಡರ ಮೇಲೂ .308 ವಿನ್‌ಚೆಸ್ಟರ್ ಎಂದೇ ಬರೆದಿದೆ. ಗುಂಡಿನ ತೂಕವೂ ಎರಡರಲ್ಲೂ ಹೆಚ್ಚುಕಡಿಮೆ 150 ಗ್ರೇನ್. ಒಂದೇ ರೈಫಲ್ಲಿಗೆ ತುಂಬಿ ಹೊಡೆದರೆ ಭುಜಕ್ಕೆ ಬೀಳುವ ಒದೆತ ಒಂದೇ, ಸದ್ದು ಒಂದೇ, ನೂರು ಮೀಟರ್ ಆಚೆಯ ಕಾಗದದಲ್ಲಿ ಬೀಳುವ ತೂತೂ ಒಂದೇ ಅಳತೆಯದು. ಆದರೆ ಒಂದರಲ್ಲಿ ಗುಂಡಿನ ಮೂತಿಯವರೆಗೂ ತಾಮ್ರದ ಹೊದಿಕೆ ಮುಚ್ಚಿಕೊಂಡಿದೆ. ಇನ್ನೊಂದರ ತುದಿಯಲ್ಲಿ ಒಂದಿಷ್ಟು ಬೂದು ಸೀಸ ಹೊರಗೆ ಇಣುಕುತ್ತಿದೆ. ಮೊದಲನೆಯದರಿಂದ ಜಿಂಕೆಗೆ ಹೊಡೆಯುವುದು ಎಷ್ಟೋ ಕಡೆ ಅಪರಾಧ. ಎರಡನೆಯದು ನೂರು ವರ್ಷಕ್ಕೂ ಮಿಕ್ಕಿ ನಡೆದುಬಂದಿರುವ ಮಾಮೂಲಿ ಬೇಟೆಯ ಗುಂಡು.

ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ಹೊಸದಾಗಿ ಪರವಾನಗಿ ಪಡೆದವರು ಮೊಟ್ಟಮೊದಲು ಕೇಳುವುದು "ಜಿಂಕೆಗೆ ಯಾವ ತೋಟಾ ಒಳ್ಳೆಯದು?" ಎಂದು. ಸಿಗುವ ಉತ್ತರಗಳೆಲ್ಲ ಹೆಸರುಗಳ ಜಗಳ: .308ರವರು ಒಂದು ಕಡೆ, .270ರವರು ಇನ್ನೊಂದು ಕಡೆ, ಮಧ್ಯೆ 6.5 ಕ್ರೀಡ್‌ಮೋರ್‌ನ ಹೊಸ ಭಕ್ತರು. ನನ್ನ ಮಟ್ಟಿಗೆ ಪ್ರಶ್ನೆಯೇ ತಲೆಕೆಳಗಾಗಿದೆ. ಮೊದಲು ಗುಂಡನ್ನು ನೋಡಬೇಕು, ತೋಟಾದ ಮಾತು ಆಮೇಲೆ.

ಎರಡಕ್ಕೂ ಏನು ವ್ಯತ್ಯಾಸ ಅಂದರೆ, ತೋಟಾ ಎನ್ನುವುದು ಇಡೀ ಕಟ್ಟು. ಕೇಸು ಎನ್ನುವ ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಿಗೆ ಬಿಗಿಯಾಗಿ ಕೂರಿಸಿದ ಗುಂಡು. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಕೇಪು ಸಿಡಿದು ಮದ್ದು ಹೊತ್ತಿಕೊಳ್ಳುತ್ತದೆ, ಗುಂಡು ನಳಿಗೆಯೊಳಗೆ ಗಿರಗಿರ ತಿರುಗುತ್ತ ಹೊರಬೀಳುತ್ತದೆ. ಅಲ್ಲಿಗೆ ತೋಟಾದ ಕೆಲಸ ಮುಗಿಯಿತು. ಇಷ್ಟು ದಪ್ಪದ, ಇಷ್ಟು ತೂಕದ ಗುಂಡಿಗೆ ಇಷ್ಟು ವೇಗ ಕೊಡುವುದಷ್ಟೇ ಅದರ ಪಾಲು. ಪ್ರಾಣಿಯ ಮೈಯೊಳಗೆ ಆಗಬೇಕಾದ್ದೆಲ್ಲ ಗುಂಡಿನ ಪಾಲಿನದು.

ಹೆಸರುಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅವಕ್ಕೆ ಒಂದು ನಿಯಮ ಅಂತಲೇ ಇಲ್ಲ. .30-06 ಎಂದರೆ 0.30 ಇಂಚಿನ ಅಳತೆಯದು, 1906ರದು. .30-30ರಲ್ಲಿ ಎರಡನೆಯ 30 ಆ ಕಾಲದಲ್ಲಿ ಅದಕ್ಕೆ ತುಂಬುತ್ತಿದ್ದ ಮದ್ದಿನ ತೂಕ. 6.5×55ರಲ್ಲಿ 55 ಎಂಬುದು ಕೇಸಿನ ಉದ್ದ, ಮಿಲಿಮೀಟರಿನಲ್ಲಿ. 7 ಎಂಎಂ-08 ಎಂದರೆ .308ರ ಕೇಸಿನ ಕತ್ತನ್ನು ಕಿರಿದು ಮಾಡಿ 7 ಮಿ.ಮೀ. ಗುಂಡು ಕೂರಿಸಿದ್ದು. ಇನ್ನು .270ರ ಗುಂಡು ನಿಜವಾಗಿ ಇರುವುದು 0.277 ಇಂಚು! ಹೆಸರನ್ನು ಗುರುತಿಗಷ್ಟೇ ಇಟ್ಟುಕೊಳ್ಳಿ. ಆದರೆ ಒಂದು ವಿಷಯದಲ್ಲಿ ಮಾತ್ರ ಹೆಸರೇ ಸರ್ವಸ್ವ: ನಳಿಗೆಯ ಮೇಲೆ ಕೆತ್ತಿರುವುದೂ ತೋಟಾದ ಬುಡದಲ್ಲಿ ಒತ್ತಿರುವುದೂ ಒಂದೇ ಆಗಿರಬೇಕು. ಗಾತ್ರ ಹತ್ತಿರ ಇದೆಯಲ್ಲ ಎಂದು ಬೇರೆಯದನ್ನು ತುರುಕಿ ಹೊಡೆದರೆ ರೈಫಲ್ಲು ಸಿಡಿದು ಹೊಡೆದವರ ಮುಖಕ್ಕೇ ಬರಬಹುದು.

ಗ್ರೇನ್ ಎನ್ನುವುದು ಹಳೆಯ ತೂಕದ ಲೆಕ್ಕ. ಒಂದು ಪೌಂಡಿಗೆ 7000 ಗ್ರೇನ್. 150 ಗ್ರೇನ್ ಗುಂಡು ಅಂದರೆ 9.7 ಗ್ರಾಂ.

ಇಷ್ಟು ಪುಟ್ಟ ವಸ್ತು 70 ಕಿಲೋ ಜಿಂಕೆಯನ್ನು ಹೇಗೆ ಕೊಲ್ಲುತ್ತದೆ? ಗುಂಡು ಪ್ರಾಣಿಯನ್ನು ಎತ್ತಿ ಒಗೆಯುತ್ತದೆ ಎನ್ನುವುದು ಸಿನಿಮಾದ ಕಲ್ಪನೆ. ಲೆಕ್ಕ ಹಾಕಿಯೇ ನೋಡೋಣ. .308ರಿಂದ ಆ 9.7 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ. ಆ ವೇಗದಲ್ಲೇ ಹೋಗಿ ಬಡಿದು, ಮೈಯೊಳಗೇ ನಿಂತುಹೋಯಿತು ಎಂದುಕೊಂಡರೂ 70 ಕಿಲೋ ದೇಹಕ್ಕೆ ಸಿಗುವ ಚಲನೆ ಸೆಕೆಂಡಿಗೆ 12 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಅದಕ್ಕಿಂತ ಜೋರಾಗಿ ಹೋಗುತ್ತದೆ.

ಕೊಲ್ಲುವುದು ರಕ್ತಸ್ರಾವ. ಗುಂಡು ಎರಡೂ ಶ್ವಾಸಕೋಶಗಳನ್ನೋ ಹೃದಯವನ್ನೋ ಹರಿದುಕೊಂಡು ಹೋದರೆ ರಕ್ತದ ಒತ್ತಡ ಕುಸಿಯುತ್ತದೆ, ಮಿದುಳಿಗೆ ಆಮ್ಲಜನಕ ನಿಲ್ಲುತ್ತದೆ. ಇದಕ್ಕೆ ಹತ್ತು ಹದಿನೈದು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಜಿಂಕೆ ಐವತ್ತು ನೂರು ಮೀಟರ್ ಓಡಿರಬಹುದು. ಸರಿಯಾಗಿ ಬಿದ್ದ ಈಡಿನ ಮೇಲೂ ಹೀಗೇ ಆಗುತ್ತದೆ. ಓಡಿದ ಮಾತ್ರಕ್ಕೆ ತೋಟಾ ದುರ್ಬಲ ಎಂದು ತಿಳಿಯುವುದು ತಪ್ಪು. ಬೆನ್ನುಹುರಿಗೋ ಮಿದುಳಿಗೋ ಬಿದ್ದರೆ ನಿಂತಲ್ಲೇ ಕುಸಿಯುತ್ತದೆ, ನಿಜ. ಆದರೆ ಅವು ಸಣ್ಣ ಗುರಿಗಳು, ತಲೆಯಂತೂ ಸದಾ ಅಲ್ಲಾಡುತ್ತಿರುತ್ತದೆ. ಒಂದಿಷ್ಟು ಆಚೀಚೆಯಾದರೆ ದವಡೆ ಮುರಿದ ಪ್ರಾಣಿ ದಿನಗಟ್ಟಲೆ ಹಸಿದು ಸಾಯುತ್ತದೆ. ಹಾಗಾಗಿ ಮುಂಗಾಲಿನ ಹಿಂದಿನ ಪಕ್ಕೆಯೇ ಗುರಿ. ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಆ ಜಾಗ ಸುಮಾರು 20 ಸೆಂಟಿಮೀಟರ್ ಅಗಲದ ತಟ್ಟೆಯಷ್ಟು. ಯುರೋಪಿನ ಪುಟ್ಟ ರೋ ಜಿಂಕೆಯಲ್ಲಿ ಅದರ ಅರ್ಧದಷ್ಟಿದ್ದರೆ ಹೆಚ್ಚು.

ಈಗ ಗುಂಡಿನ ಮುಂದಿರುವ ಕಷ್ಟ ಅರ್ಥವಾಗುತ್ತದೆ. ಅದು ಒಳಹೊಕ್ಕ ಕೂಡಲೇ ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡಬೇಕು. ಹಾಗೆಯೇ ಆಳಕ್ಕೂ ಹೋಗಬೇಕು, ಸಾಧ್ಯವಾದರೆ ಆ ಕಡೆಯಿಂದ ಹೊರಬೀಳಬೇಕು. ಎರಡು ತೂತಿದ್ದರೆ ನೆಲದ ಮೇಲೆ ರಕ್ತದ ಜಾಡು ಚೆನ್ನಾಗಿ ಬೀಳುತ್ತದೆ, ಓಡಿದ ಪ್ರಾಣಿಯನ್ನು ಹುಡುಕುವುದು ಸುಲಭ. ಆದರೆ ಅರಳಿದಷ್ಟೂ ಗುಂಡಿಗೆ ತಡೆ ಹೆಚ್ಚು, ಆಳ ಕಡಿಮೆ. ಅರಳದೇ ಇದ್ದರೆ ಆಳವೇನೋ ಸಿಗುತ್ತದೆ, ಪೆನ್ಸಿಲ್ ಚುಚ್ಚಿದಂಥ ಸಣ್ಣ ರಂಧ್ರ ಬಿಟ್ಟು ಹಾದುಹೋಗುತ್ತದೆ. ಆ ಗಾಯ ಹೊತ್ತ ಜಿಂಕೆ ಕಿಲೋಮೀಟರ್‌ಗಟ್ಟಲೆ ಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯಬಹುದು. ಮೊದಲು ಹೇಳಿದ ಪೂರ್ತಿ ಹೊದಿಕೆಯ ಗುಂಡು ಅಪರಾಧವಾಗುವುದು ಇದಕ್ಕೇ.

ಇದರಲ್ಲಿ ಚರಿತ್ರೆಯ ಒಂದು ವ್ಯಂಗ್ಯವೂ ಇದೆ. ಮೂತಿಯಲ್ಲಿ ಸೀಸ ತೆರೆದಿಟ್ಟ ಗುಂಡುಗಳಿಗೆ ಲೋಕದಲ್ಲೆಲ್ಲ "ಡಮ್ ಡಮ್" ಎಂಬ ಹೆಸರು ಬಂದದ್ದು ಕಲ್ಕತ್ತೆಯ ಹತ್ತಿರದ ಡಮ್ ಡಮ್ ಮದ್ದಿನ ಕಾರ್ಖಾನೆಯಿಂದ. 1890ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಅವನ್ನು ಸೈನ್ಯಕ್ಕಾಗಿ ಮಾಡುತ್ತಿದ್ದರು. ಅವು ಮಾಡುವ ಗಾಯ ಅತಿ ಕ್ರೂರ ಎಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡುಗಳನ್ನು ನಿಷೇಧಿಸಿತು. ಬೇಟೆಯ ಕಾನೂನು ಕಡ್ಡಾಯ ಮಾಡುವುದು ಅದೇ ಅರಳುವ ಗುಂಡನ್ನು. ಸೈನಿಕನನ್ನು ಹೋರಾಟದಿಂದ ಹೊರಗಿಟ್ಟರೆ ಸಾಕು; ಪ್ರಾಣಿ ಬೇಗ ಸಾಯಬೇಕು.

ಬೇಟೆಯ ಗುಂಡುಗಳಲ್ಲಿ ತೀರ ಸರಳವಾದದ್ದು ಸೀಸದ ತಿರುಳಿಗೆ ತಾಮ್ರಮಿಶ್ರ ಲೋಹದ ತೆಳು ಅಂಗಿ ತೊಡಿಸಿದ್ದು. ತುದಿಯಲ್ಲಿ ಸೀಸ ಕಾಣಿಸುತ್ತಿದ್ದರೆ ಅದು ಸಾಫ್ಟ್ ಪಾಯಿಂಟ್. ಅಗ್ಗ, ನಂಬಿಕೆಗೆ ಅರ್ಹ, ಸಾಧಾರಣ ವೇಗದಲ್ಲಿ ಜಿಂಕೆಗೆ ಹೇಳಿ ಮಾಡಿಸಿದ್ದು. ತುದಿಗೆ ಬಣ್ಣದ ಪ್ಲಾಸ್ಟಿಕ್ ಮೊನೆ ಇಟ್ಟದ್ದೂ ಬಹುಪಾಲು ಇದೇ ಜಾತಿ. ಆ ಮೊನೆ ಗಾಳಿಯನ್ನು ಸೀಳಲು ನೆರವಾಗುತ್ತದೆ, ಬಡಿದಾಗ ಬೆಣೆಯಂತೆ ಹಿಂದಕ್ಕೆ ನುಗ್ಗಿ ಗುಂಡನ್ನು ಬೇಗ ತೆರೆಸುತ್ತದೆ. ಬೇಗ ಎಂದರೆ ಕೆಲವೊಮ್ಮೆ ತೀರಾ ಬೇಗ. ಮೂವತ್ತು ಮೀಟರಿನಲ್ಲಿ ಭುಜದ ಮೂಳೆಗೆ ಬಡಿದರೆ ಅಂಗಿ ಒಂದು ಕಡೆ, ಸೀಸ ಒಂದು ಕಡೆಯಾಗಿ ಮೇಲೆಯೇ ಚೂರಾಗಿ, ದೊಡ್ಡ ಆದರೆ ಆಳವಿಲ್ಲದ ಗಾಯವಾಗುತ್ತದೆ. ಮುಂಗಾಲಿನ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಹಾಳು.

ಈ ತೊಂದರೆಗೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಜಾನ್ ನಾಸ್ಲರ್ ಪ್ರಮುಖರು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋದಾಗ ಅವರ ಗುಂಡುಗಳು ಆ ದೊಡ್ಡ ಪ್ರಾಣಿಯ ಒಳಕ್ಕೆ ಇಳಿಯಲೇ ಇಲ್ಲ. ಊರಿಗೆ ಮರಳಿ ಅವರು ಮಾಡಿದ್ದು ಒಳಗೆ ಲೋಹದ ಅಡ್ಡಗೋಡೆ ಇರುವ ಗುಂಡು. ಗೋಡೆಯ ಮುಂದಿನ ಸೀಸ ಅರಳಿ ಚೂರಾದರೂ ಹಿಂದಿನ ಅರ್ಧ ಹಾಗೇ ಉಳಿದು ಒಳಕ್ಕೆ ದೂಡಿಕೊಂಡು ಹೋಗುತ್ತದೆ. 1948ರಿಂದ ಮಾರಾಟಕ್ಕೆ ಬಂದ ಆ ಪಾರ್ಟಿಷನ್ ಗುಂಡು ಈಗಲೂ ತಯಾರಾಗುತ್ತಿದೆ. ಇನ್ನೊಂದು ದಾರಿ ಬಾಂಡೆಡ್ ಗುಂಡು: ಸೀಸವನ್ನೂ ಅಂಗಿಯನ್ನೂ ಬೆಸುಗೆ ಹಾಕಿದಂತೆ ಒಂದಕ್ಕೊಂದು ಕಚ್ಚಿಸಿ, ಬೇರ್ಪಡದಂತೆ ಮಾಡಿದ್ದು.

ಮೂರನೆಯ ದಾರಿ ಸೀಸವನ್ನೇ ಕೈಬಿಟ್ಟು ಇಡೀ ಗುಂಡನ್ನು ತಾಮ್ರದಲ್ಲಿ ಮಾಡುವುದು. ಮೂತಿಯಲ್ಲೊಂದು ಕುಳಿ, ಬಡಿದಾಗ ಅದು ನಾಲ್ಕಾರು ದಳಗಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ತೂಕ ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆ. ಆಳದ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ. ಇದರ ಕಡೆಗೆ ಜನ ಹೊರಳುತ್ತಿರುವುದಕ್ಕೆ ಇನ್ನೊಂದು ಕಾರಣ ಸೀಸದ ವಿಷ. ಸೀಸದ ಗುಂಡು ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಚೆಲ್ಲುತ್ತದೆ, ಎಕ್ಸ್‌ರೇ ತೆಗೆದರೆ ಗಾಯದಿಂದ ದೂರದ ಮಾಂಸದಲ್ಲೂ ಅವು ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಕಾಡಲ್ಲಿ ಬಿಟ್ಟ ಕರುಳನ್ನು ತಿಂದ ರಣಹದ್ದುಗಳ ಹೊಟ್ಟೆಗೂ ಹೋಗುತ್ತವೆ. ಕಾಂಡೋರ್ ಹದ್ದುಗಳು ಹೀಗೆ ಸತ್ತದ್ದು ಕಂಡೇ ಕ್ಯಾಲಿಫೋರ್ನಿಯಾ ಕ್ರಮೇಣ ಬಿಗಿ ಮಾಡುತ್ತ ಬಂದು 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧಿಸಿತು. ಡೆನ್ಮಾರ್ಕ್ 2024ರಲ್ಲಿ ಅದೇ ದಾರಿ ಹಿಡಿಯಿತು. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯೋ ಆ ಮಾಂಸ ತಿನ್ನುವವರಿದ್ದರೆ ಕಾನೂನು ಕೇಳದಿದ್ದರೂ ನಾನು ತಾಮ್ರವನ್ನೇ ಹೇಳುತ್ತೇನೆ.

ತಾಮ್ರಕ್ಕೆ ತನ್ನದೇ ಹಟಗಳಿವೆ. ಸೀಸಕ್ಕಿಂತ ಹಗುರವಾದ ಲೋಹವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡನ್ನು ನೆಟ್ಟಗೆ ಹಾರಿಸಲು ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರುಗಳ ಸುರುಳಿ ಇನ್ನೂ ಬಿಗಿಯಾಗಿರಬೇಕು. ಆದ್ದರಿಂದ ಒಂದು ಮೆಟ್ಟಿಲು ಹಗುರವಾದದ್ದನ್ನು ಆರಿಸುವುದು ವಾಡಿಕೆ: .243ಕ್ಕೆ 100 ಗ್ರೇನ್ ಸೀಸದ ಬದಲು 80 ಗ್ರೇನ್ ತಾಮ್ರ. ಗಟ್ಟಿ ಲೋಹವಾದ್ದರಿಂದ ಅರಳಲು ವೇಗವೂ ಜಾಸ್ತಿ ಬೇಕು.

ವೇಗದ ಈ ವಿಷಯ ಬಹಳ ಜನ ಗಮನಿಸದೇ ಬಿಡುವಂಥದ್ದು. ಪ್ರತಿಯೊಂದು ಗುಂಡಿಗೂ ಒಂದು ವೇಗದ ಕಿಟಕಿ ಇರುತ್ತದೆ. ಕೆಳಗಿನ ಅಂಚಿಗಿಂತ ನಿಧಾನವಾದರೆ ಅರಳುವುದಿಲ್ಲ, ಮೇಲಿನ ಅಂಚು ದಾಟಿದರೆ ಪುಡಿಯಾಗುತ್ತದೆ. ಸಾಮಾನ್ಯ ಸೀಸದ ಗುಂಡಿಗೆ ಕೆಳಗಿನ ಅಂಚು ಸೆಕೆಂಡಿಗೆ ಸುಮಾರು 500ರಿಂದ 550 ಮೀಟರ್, ಅನೇಕ ತಾಮ್ರದ ಗುಂಡುಗಳಿಗೆ 550ರಿಂದ 600. .308ರ 150 ಗ್ರೇನ್ ಗುಂಡು 350 ಮೀಟರ್ ದಾಟುವ ಹೊತ್ತಿಗೆ ಈ ಅಂಚಿನ ಹತ್ತಿರ ಬಂದಿರುತ್ತದೆ. ಇನ್ನೊಂದು ಅಂಚಿನಲ್ಲಿ .300 ವಿನ್‌ಚೆಸ್ಟರ್ ಮ್ಯಾಗ್ನಮ್ ಅದೇ 150 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 1000 ಮೀಟರಿನಲ್ಲಿ ಬಿಡುತ್ತದೆ. ತೆಳು ಅಂಗಿಯ ಗುಂಡನ್ನು ಆ ವೇಗದಲ್ಲಿ ಹತ್ತಿರದ ಜಿಂಕೆಗೆ ಹೊಡೆದರೆ ಏನಾಗುತ್ತದೆಂದು ಆಗಲೇ ಹೇಳಿದೆ. ನೆನಪಿಡಬೇಕಾದ ಲೆಕ್ಕ ಇಷ್ಟೇ: ಸಾಧಾರಣ ವೇಗದ ತೋಟಾಕ್ಕೆ ಮೆದು ಗುಂಡು, ರಭಸದ ತೋಟಾಕ್ಕೆ ಗಟ್ಟಿ ಗುಂಡು.

ತೂಕದ ಬಗ್ಗೆಯೂ ಒಂದು ಮಾತು. ಒಂದೇ ತೂಕದ ನಾಣ್ಯವನ್ನೂ ಮೊಳೆಯನ್ನೂ ಹಲಗೆಗೆ ಒತ್ತಿದರೆ ಇಳಿಯುವುದು ಮೊಳೆ. ಗುಂಡಿನ ತೂಕಕ್ಕೂ ದಪ್ಪಕ್ಕೂ ಇರುವ ಈ ಅನುಪಾತವನ್ನು ಸೆಕ್ಷನಲ್ ಡೆನ್ಸಿಟಿ ಎನ್ನುತ್ತಾರೆ. 6.5 ಮಿ.ಮೀ. ದಪ್ಪದ 140 ಗ್ರೇನ್ ಗುಂಡಿಗೆ ಅದು 0.287, .308ರ 150 ಗ್ರೇನ್ ಗುಂಡಿಗೆ 0.226. ತೂಕ ಕಡಿಮೆಯಿದ್ದರೂ ತೆಳ್ಳಗಿನ ಗುಂಡು ಆಳಕ್ಕೆ ಇಳಿಯುವುದು ಇದರಿಂದ. ಆದರೆ ಅರಳಿದ ಕ್ಷಣದಿಂದ ದಪ್ಪ ಬದಲಾಗುವುದರಿಂದ ಈ ಅಂಕಿಯನ್ನು ಒಂದೇ ಜಾತಿಯ ಗುಂಡುಗಳ ನಡುವೆ ಹೋಲಿಸಲು ಮಾತ್ರ ಬಳಸಿ.

ಈಗ ತೋಟಾಗಳಿಗೆ ಬರೋಣ. ಇಷ್ಟು ಹೊತ್ತು ಕಾದದ್ದರಿಂದ ಕೆಲಸ ಹಗುರವಾಗಿದೆ.

1955ರ .243 ವಿನ್‌ಚೆಸ್ಟರ್ ಒದೆತದಲ್ಲಿ .308ರ ಅರ್ಧದಷ್ಟು. ಸಣ್ಣ ಮೈಕಟ್ಟಿನವರಿಗೂ ಹೊಸಬರಿಗೂ ಅಚ್ಚುಮೆಚ್ಚು. ಸಾಧಾರಣ ಗಾತ್ರದ ಜಿಂಕೆಗೆ ಧಾರಾಳ ಸಾಕು, ಆದರೆ ಕಾಟ ಕೊಡುವ ಸಣ್ಣ ಪ್ರಾಣಿಗಳಿಗೆಂದು ಮಾಡಿದ ಹಗುರ, ಸಿಡಿಯುವ ಗುಂಡುಗಳೂ ಇದೇ ತೋಟಾದಲ್ಲಿ ಬರುತ್ತವೆ. ಡಬ್ಬಿ ಓದದೆ ಅದನ್ನು ಜಿಂಕೆಗೆ ಹೊಡೆದವರೇ ".243 ಸಾಲದು" ಎಂದು ದೂರುವವರಲ್ಲಿ ಹಲವರು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ 6.5 ಕ್ರೀಡ್‌ಮೋರ್, 7 ಎಂಎಂ-08, .308 ಒಂದು ಗುಂಪು. 2007ರಲ್ಲಿ ಬಂದ ಕ್ರೀಡ್‌ಮೋರ್ ಮೊದಲು ಗುರಿ ಹೊಡೆಯುವ ಸ್ಪರ್ಧೆಗೆಂದು ಹುಟ್ಟಿದ್ದು. ಉದ್ದನೆಯ ನುಣುಪು ಗುಂಡಿನಿಂದಾಗಿ ಗಾಳಿಗೆ ಕಡಿಮೆ ವಾಲುತ್ತದೆ. ಆದರೆ ಇನ್ನೂರು ಮೀಟರಿನೊಳಗೆ ಈ ಮೂರರಲ್ಲಿ ಯಾವುದರಿಂದ ಬಿದ್ದೆ ಎಂದು ಜಿಂಕೆಗೆ ಗೊತ್ತಾಗುವುದಿಲ್ಲ.

ಈ ಗುಂಪಿನ ಹಿರಿಯಜ್ಜ 1892ರ 7×57 ಮೌಸರ್. ಇಂಗ್ಲಿಷರು ಅದನ್ನೇ .275 ರಿಗ್ಬಿ ಎಂದು ಕರೆದರು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು ಈ ತೋಟಾದ ರೈಫಲ್ಲೇ. ಆಫ್ರಿಕಾದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಎಂಬ ಬೇಟೆಗಾರ ಇದೇ ತೋಟಾದಿಂದ ನೂರಾರು ಆನೆ ಕೊಂದ. ಸಣ್ಣ ತೋಟಾ ಎಲ್ಲಕ್ಕೂ ಸಾಕು ಎನ್ನುವವರು ಬೆಲ್‌ನನ್ನು ಸಾಕ್ಷಿಗೆ ಕರೆಯುತ್ತಾರೆ. ಆತ ಬಳಸಿದ್ದು ಅರಳದ ಗಟ್ಟಿ ಗುಂಡು, ಹೊಡೆದದ್ದು ಮಿದುಳಿಗೆ, ಆನೆಯ ತಲೆಬುರುಡೆಯ ಒಳರಚನೆ ಅವನಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಅದನ್ನು ಹೇಳುವುದು ಮಾತ್ರ ಮರೆಯುತ್ತಾರೆ.

.270 ಮತ್ತು .30-06 ಇನ್ನೊಂದಿಷ್ಟು ಜೋರು, ಒದೆತವೂ ಹಾಗೇ. ಕೆಂಪು ಜಿಂಕೆಯ ದೊಡ್ಡ ಗಂಡಿಗೂ ಅಮೆರಿಕದ ದೊಡ್ಡ ಜಿಂಕೆ ಎಲ್ಕ್‌ಗೂ ಒದಗುತ್ತವೆ. 1895ರ ಮುದುಕ .30-30 ದಟ್ಟ ಕಾಡಿಗೆ, ನೂರೈವತ್ತು ಮೀಟರಿನೊಳಗೆ ಇಂದಿಗೂ ಚೆನ್ನ. ಅದರ ಗುಂಡಿನ ಮೂತಿ ಚಪ್ಪಟೆ ಏಕೆ ಗೊತ್ತೆ? ಅದನ್ನು ಬಳಸುವ ಲಿವರ್ ರೈಫಲ್ಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಮೂತಿ ಚೂಪಾಗಿದ್ದರೆ ಒದೆತಕ್ಕೆ ಮುಂದಿನ ತೋಟಾದ ಕೇಪಿಗೆ ಬಡಿದು ಕೊಳವೆಯೊಳಗೇ ಸಿಡಿದೀತು.

ಮ್ಯಾಗ್ನಮ್‌ಗಳು, ಅಂದರೆ ಹೆಚ್ಚು ಮದ್ದು ಹಿಡಿಯುವ ರಭಸದ ತೋಟಾಗಳು, ಜಿಂಕೆಗೆ ಬೇಕಿಲ್ಲ. .300 ಮ್ಯಾಗ್ನಮ್‌ನ ಒದೆತ .308ರ ಒಂದೂವರೆ ಪಟ್ಟು ಮೀರುತ್ತದೆ. ಒದೆತಕ್ಕೆ ಹೆದರಿದ ಭುಜ ಕುದುರೆ ಎಳೆಯುವ ಮುನ್ನವೇ ಬೆಚ್ಚುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಈಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್‌ಗಿಂತ ಶ್ವಾಸಕೋಶಕ್ಕೆ ಬಿದ್ದ .243 ಎಷ್ಟೋ ಮೇಲು.

ಕಾನೂನು ನಿಮ್ಮ ಆಯ್ಕೆಯನ್ನು ಅರ್ಧ ಮುಗಿಸಿಯೇ ಇಟ್ಟಿರುತ್ತದೆ. ಜರ್ಮನಿಯಲ್ಲಿ ರೋ ಜಿಂಕೆಗೆ ಗುಂಡಿನಲ್ಲಿ 100 ಮೀಟರ್ ದೂರದಲ್ಲಿ 1000 ಜೂಲ್ ಶಕ್ತಿ ಉಳಿದಿರಬೇಕು. ಅದಕ್ಕಿಂತ ದೊಡ್ಡ ಜಿಂಕೆಗಳಿಗೆ ಕನಿಷ್ಠ 6.5 ಮಿ.ಮೀ. ದಪ್ಪ, 2000 ಜೂಲ್. ಇಂಗ್ಲೆಂಡ್ ಮತ್ತು ವೇಲ್ಸ್‌ನ 1991ರ ಜಿಂಕೆ ಕಾಯ್ದೆ ಕೇಳುವುದು 0.240 ಇಂಚು ಅಳತೆ, ನಳಿಗೆಯ ಬಾಯಲ್ಲಿ 1700 ಫುಟ್-ಪೌಂಡ್, ಅಂದರೆ ಸುಮಾರು 2300 ಜೂಲ್, ಜೊತೆಗೆ ಅರಳುವ ಗುಂಡು. ಕಾಡುಕುರಿ ಜಾತಿಯ ಮುಂಟ್‌ಜ್ಯಾಕ್‌ಗೆ ಸಡಿಲಿಕೆ ಉಂಟು. ಹೀಗಾಗಿ .243ರಲ್ಲಿ ಇಂಗ್ಲೆಂಡಿನಲ್ಲಿ ಕೆಂಪು ಜಿಂಕೆ ಹೊಡೆಯಬಹುದು, ಜರ್ಮನಿಯಲ್ಲಿ ರೋ ಜಿಂಕೆಗಿಂತ ಮೇಲಕ್ಕೆ ಹೋಗುವಂತಿಲ್ಲ. ಅಮೆರಿಕದ ಓಹಾಯೊದಂಥ ರಾಜ್ಯಗಳಲ್ಲಿ ಸಮತಟ್ಟು ನೆಲ, ಹತ್ತಿರ ಹತ್ತಿರ ಮನೆಗಳು. ಗುಂಡು ತೀರ ದೂರ ಹೋಗಬಾರದೆಂದು ಕತ್ತು ಕಿರಿದಾಗಿಸದ, ನೇರ ಗೋಡೆಯ ಕೇಸಿಗೆ ಮಾತ್ರ ಅನುಮತಿ. 2019ರ .350 ಲೆಜೆಂಡ್ ಹುಟ್ಟಿದ್ದೇ ಅಂಥ ನಿಯಮಗಳಿಗಾಗಿ.

ಉಳಿದದ್ದು ದೂರ. ಸ್ಕೋಪನ್ನು, ಅಂದರೆ ರೈಫಲ್ಲಿನ ಮೇಲಿನ ಗುರಿಯ ದುರ್ಬೀನನ್ನು, 180 ಮೀಟರಿಗೆ ಹೊಂದಿಸಿದ .308ರ 150 ಗ್ರೇನ್ ಗುಂಡು 90 ಮೀಟರಿನಲ್ಲಿ ಐದು ಸೆಂಟಿಮೀಟರ್ ಮೇಲೆ ಬೀಳುತ್ತದೆ, 270 ಮೀಟರಿನಲ್ಲಿ ಸುಮಾರು 21 ಸೆಂಟಿಮೀಟರ್ ಕೆಳಗೆ. ಪಕ್ಕೆಯ ಆ ತಟ್ಟೆಯ ನಡುವಿಗೆ ಗುರಿಯಿಟ್ಟರೆ ಇನ್ನೂರರವರೆಗೆ ಯೋಚಿಸದೆ ಹೊಡೆಯಬಹುದು, 270ಕ್ಕೆ ತಟ್ಟೆಯೇ ತಪ್ಪಿಹೋಗುತ್ತದೆ. ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಈ ಅಂಕಿಗಳಿರುತ್ತವೆ, ಆದರೆ ಅವು ಕಂಪನಿಯ ಪರೀಕ್ಷಾ ನಳಿಗೆಯವು. ನಿಮ್ಮ ನಳಿಗೆ ಗಿಡ್ಡವಾಗಿದ್ದರೆ ವೇಗವೂ ಕಡಿಮೆ. ಒಂದೇ ರೈಫಲ್ಲು ಒಂದು ಬಗೆಯ ತೋಟಾದ ಗುಂಡುಗಳನ್ನು ಮೂರು ಸೆಂಟಿಮೀಟರಿನೊಳಗೆ ಗುಂಪಾಗಿಸಿ, ಇನ್ನೊಂದರವನ್ನು ಹತ್ತು ಸೆಂಟಿಮೀಟರಿಗೆ ಚೆಲ್ಲುವುದೂ ಉಂಟು. ಎರಡು ಮೂರು ಬಗೆಯ ಡಬ್ಬಿ ತಂದು ಹೊಡೆದು ನೋಡಿ. ಒಪ್ಪಿದ್ದನ್ನು ಹಿಡಿದ ಮೇಲೆ ಬದಲಾಯಿಸಬೇಡಿ. ಬದಲಾಯಿಸಿದರೆ ಸ್ಕೋಪನ್ನು ಮತ್ತೆ ಹೊಂದಿಸದೆ ಕಾಡಿಗೆ ಹೋಗಬೇಡಿ.

ಆಯ್ಕೆ ಸರಿಯಿತ್ತೋ ಇಲ್ಲವೋ ತಿಳಿಯುವುದು ಪ್ರಾಣಿಯನ್ನು ಹಸನು ಮಾಡುವಾಗ. ಎಷ್ಟೋ ಸಲ ಗುಂಡು ಆ ಕಡೆಯ ಚರ್ಮದಡಿ ಸಣ್ಣ ಗಂಟಿನಂತೆ ಕೈಗೆ ಸಿಗುತ್ತದೆ. ಚರ್ಮ ರಬ್ಬರಿನಂತೆ ಹಿಗ್ಗಿ ಕೊನೆಯ ಗಳಿಗೆಯಲ್ಲಿ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ತೊಳೆದು ತಕ್ಕಡಿಗೆ ಹಾಕಿ. 150 ಗ್ರೇನ್ ಹೋಗಿ 90 ಉಳಿದಿದ್ದು, ಅಣಬೆಯ ಆಕಾರವಿದ್ದು, ಎರಡೂ ಶ್ವಾಸಕೋಶ ಹರಿದಿದ್ದರೆ ಸಾಧಾರಣ ಸಾಫ್ಟ್ ಪಾಯಿಂಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಹತ್ತಿರದ ಪಕ್ಕೆಯಲ್ಲೇ ಖಾಲಿ ತಾಮ್ರದ ಅಂಗಿ ಸಿಕ್ಕಿದರೆ ಮುಂದಿನ ಸಲಕ್ಕೆ ಅದೇ ತೋಟಾದಲ್ಲಿ ಗಟ್ಟಿ ಗುಂಡಿನ ಡಬ್ಬಿ ಕೊಳ್ಳಿ. ರೈಫಲ್ಲು ಬದಲಾಯಿಸುವ ಅಗತ್ಯವಿಲ್ಲ.